ಔಷಧಿ ಹೊಡೆಯುವ ಹಿಂದಿನ ದಿನ

ಮನೆಯೊಳಗೆ ಜಿರಳೆಗೋ ತಿಗಣೆಗೋ ಔಷಧಿ ಹೊಡೆಸುವುದು ನಾನಿರುವ, ಮುಂಬೈ ಪಕ್ಕದ ಠಾಣೆ ನಗರದಲ್ಲಿ ಹಿಂದಿನ ದಿನದ ಕೆಲಸ. ತೀರ್ಥಹಳ್ಳಿ ಸೀಮೆಯ ನಮ್ಮೂರಿನಲ್ಲಿ ಅದು ಪಂಪು ಹೊತ್ತವರು ಅಂಗಳಕ್ಕೆ ಕಾಲಿಟ್ಟ ಮೇಲಿನ ಗಡಿಬಿಡಿ. ಎರಡೂ ಕಡೆಯ ಮನೆಗಳನ್ನು ಹತ್ತಿರದಿಂದ ಬಲ್ಲ ನನಗೆ ಈ ವ್ಯತ್ಯಾಸ ಚಿಕ್ಕದೆಂದು ಅನಿಸುವುದಿಲ್ಲ. ಔಷಧಿಯ ಫಲ, ಮನೆಯವರ ಆರೋಗ್ಯ ಎರಡೂ ನಿಂತಿರುವುದು ಆ ಹಿಂದಿನ ದಿನದ ಮೇಲೆ.

ಇಲ್ಲಿ ಲಿಫ್ಟಿನ ಪಕ್ಕದ ಫಲಕದಲ್ಲಿ ಮೊದಲೇ ಮರಾಠಿಯಲ್ಲೊಂದು ಚೀಟಿ ಬರುತ್ತದೆ: ಇಂಥ ದಿನ, ಇಂಥ ಮಹಡಿ, ಇಷ್ಟು ಹೊತ್ತಿಗೆ. ಅದರ ಹಿಂದಿನ ಸಂಜೆ ಅಡುಗೆಮನೆಯ ಕಪಾಟುಗಳೆಲ್ಲ ಬರಿದಾಗುತ್ತವೆ. ಪಾತ್ರೆ, ಡಬ್ಬ, ಮಸಾಲೆ, ಔಷಧಿ ಹೊಡೆಯದ ಕೋಣೆಯ ಮಂಚದ ಮೇಲೆ ಚಾದರದಡಿ ಸೇರುತ್ತವೆ. ಸಿಂಕಿನ ಕೆಳಗಿನ ಸೋರಿಕೆಯನ್ನು ಕಟ್ಟಿಸಿ, ಆ ಜಾಗವನ್ನು ಒಣಗಿಸುತ್ತಾರೆ. ಗೋಡೆಗೆ ಒತ್ತಿದ ಬೀರು, ಸೋಫಾಗಳು ಒಂದಡಿ ಮುಂದೆ ಸರಿಯುತ್ತವೆ. ಬಂದವರು ಮೊದಲು ಪ್ರಶ್ನೆ ಕೇಳುತ್ತಾರೆ: ಹಸುಗೂಸು ಇದೆಯೇ, ಬಸುರಿಯರಿದ್ದಾರೆಯೇ, ಯಾರಿಗಾದರೂ ಉಬ್ಬಸವಿದೆಯೇ, ಬೆಕ್ಕು, ಮೀನು ಸಾಕಿದ್ದೀರೇ? ಮೀನಿನ ತೊಟ್ಟಿಯಿದ್ದರೆ ಗಾಳಿಯ ಪಂಪು ನಿಲ್ಲಿಸಿ, ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿಸುತ್ತಾರೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ಮನುಷ್ಯನಿಗಿಂತ ಮೀನಿಗೆ ಎಷ್ಟೋ ಪಟ್ಟು ಘೋರ.

ಊರಿನಲ್ಲಿ ಒಂದೇ ಪ್ರಶ್ನೆ. ಅದನ್ನು ಕೇಳುವವರು ಮನೆಯವರು: "ಔಷಧಿ ಸ್ಟ್ರಾಂಗ್ ಇದೆಯಲ್ಲ?" ಬಂದವನು "ಇದೆ ಅಮ್ಮಾ" ಎನ್ನುತ್ತಾನೆ. ಒಲೆಯ ಮೇಲೆ ಹಾಲು ಕಾಯುತ್ತಿರುತ್ತದೆ, ನಾಗಂದಿಗೆಯ ಮೇಲೆ ಹಪ್ಪಳದ ಡಬ್ಬದ ಮುಚ್ಚಳ ಸಡಿಲವಾಗಿರುತ್ತದೆ, ಮಕ್ಕಳು ಪಂಪಿನ ಹಿಂದೆಯೇ ಓಡಾಡುತ್ತಿರುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಔಷಧಿಯ ತೀಕ್ಷ್ಣತೆಯೊಂದರಿಂದಲೇ ಕೆಲಸವಾಗುತ್ತದೆ ಎಂಬ ನಂಬಿಕೆ ದುಡ್ಡನ್ನೂ ಹಾಳುಮಾಡುತ್ತದೆ, ಮನೆಯನ್ನೂ ಕೆಡಿಸುತ್ತದೆ.

ಬೆನ್ನ ಮೇಲೆ ಎರಡು ಕಪ್ಪು ಗೆರೆಗಳಿರುವ ಚಿಕ್ಕ ಕಂದು ಜಿರಳೆಯನ್ನೇ ತೆಗೆದುಕೊಳ್ಳಿ. ಅರ್ಧ ಇಂಚಿನ ಆ ಜೀವ ಹಗಲೆಲ್ಲ ಕಪಾಟಿನ ಸಂದಿ, ಅದರ ಬಾಗಿಲಿನ ತಿರುಗಣಿ, ಫ್ರಿಜ್ಜಿನ ಹಿಂಬದಿಯ ಬಿಸಿಯಲ್ಲಿ ಅಡಗಿರುತ್ತದೆ. ಕಪಾಟು ಖಾಲಿಯಾಗದಿದ್ದರೆ ಔಷಧಿ ಬೀಳುವುದು ಡಬ್ಬಗಳ ಮೇಲೆ, ಜಿರಳೆಯಿರುವ ಸಂದಿಗಲ್ಲ. ಒಂದು ಹೆಣ್ಣು ಮೂವತ್ತು ನಲವತ್ತು ಮೊಟ್ಟೆಗಳ ಕೋಶವನ್ನು ಅವು ಒಡೆಯುವ ಹೊತ್ತಿನವರೆಗೂ ಹೊತ್ತು ತಿರುಗುತ್ತದೆ. ಆ ಕೋಶದೊಳಕ್ಕೆ ಔಷಧಿ ಇಳಿಯುವುದಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಬರಬೇಕೆನ್ನುವುದು ಅದಕ್ಕೇ; ಕಂಪನಿಯವರ ದುಡ್ಡಿನ ಆಸೆಯೆಂದು ಅದನ್ನು ತಳ್ಳಿಹಾಕಬಾರದು. ಈಗ ಹೆಚ್ಚಾಗಿ ಬಳಸುವ ಜೆಲ್ ಇನ್ನೂ ಸೂಕ್ಷ್ಮ. ಅದು ತಿನಿಸು, ಜಿರಳೆ ತಾನಾಗಿ ಬಂದು ತಿನ್ನಬೇಕು. ಹಿಂದಿನ ರಾತ್ರಿ ಅಂಗಡಿಯ ಸ್ಪ್ರೇ ಡಬ್ಬಿಯಿಂದ ಅದೇ ಮೂಲೆಗೆ ಹೊಡೆದಿಟ್ಟರೆ ಜಿರಳೆ ಜೆಲ್ಲಿನ ಹತ್ತಿರ ಸುಳಿಯುವುದಿಲ್ಲ. ಬೇರೆ ತಿನಿಸು ಸಿಕ್ಕುವಂತಿದ್ದರೂ ಅಷ್ಟೇ. ಎಣ್ಣೆ ಜಿಡ್ಡನ್ನು ಮೊದಲೇ ತಿಕ್ಕಿ ತೆಗೆಯಿರಿ ಎಂದು ಹೇಳುವುದರಲ್ಲಿ ಶುಚಿತ್ವದ ಉಪದೇಶವಿಲ್ಲ, ಕೆಲಸದ ಲೆಕ್ಕವಿದೆ.

ನಮ್ಮವರಿಗೆ ಈ ಶಿಸ್ತು ಗೊತ್ತಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತೋಟಕ್ಕೆ ಬನ್ನಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿಗೆ ಪರಿಚಯಿಸಿದರು. ಆಮೇಲಿನ ತಲೆಮಾರುಗಳು ಆ ತಯಾರಿಯನ್ನು ಮೈಗೂಡಿಸಿಕೊಂಡಿವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ತುತ್ತವನ್ನು ಕಬ್ಬಿಣದ ಪಾತ್ರೆಗೆ ಹಾಕಬಾರದು. ಬೆರೆಸಿದ ಮೇಲೆ ಚೂರಿಯ ಅಲಗನ್ನು ಅದ್ದಿ ನೋಡಬೇಕು, ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು. ಮುಂಗಾರು ಬಲಗೊಳ್ಳುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ. ಮಳೆ ಬಿಡುವು ಕೊಡುವ ಗಳಿಗೆಗಾಗಿ ಆಕಾಶ ನೋಡುತ್ತ ಕಾಯುವ ನನ್ನ ಅಣ್ಣ, ಮೋಡ ಕವಿದಿದ್ದರೆ ಆಳುಗಳನ್ನು ಮರ ಹತ್ತಿಸುವುದಿಲ್ಲ. ತೋಟಕ್ಕೆ ಇಷ್ಟು ಎಚ್ಚರದಿಂದ ಔಷಧಿ ಕೊಡುವ ಅದೇ ಮನುಷ್ಯ ತನ್ನ ಮಕ್ಕಳು ಮಲಗುವ ಕೋಣೆಗೆ ಯಾವ ಔಷಧಿ ಬಿತ್ತೆಂದು ಕೇಳುವುದಿಲ್ಲ.

ಮನೆಯ ಒಳಗಿನ ಶಿಸ್ತೂ ಹಿಂದೆ ಇತ್ತು. ನಮ್ಮಜ್ಜಿಯ ಕಾಲದಲ್ಲಿ ಬೇಸಿಗೆಯಲ್ಲಿ ಅಟ್ಟವನ್ನು ಪೂರ್ತಿ ಇಳಿಸುತ್ತಿದ್ದರು. ಕಣಜ, ಚಾಪೆ, ಹಾಸಿಗೆ, ಗೋಣಿ ಎಲ್ಲವೂ ಅಂಗಳದ ಬಿಸಿಲಿಗೆ ಬೀಳುತ್ತಿದ್ದವು. ತೊಲೆ, ಪಕಾಸಿಗಳಿಗೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯುತ್ತಿದ್ದರು. ಉಳಿದದ್ದನ್ನು ಬಚ್ಚಲ ಒಲೆಯ ಹೊಗೆ, ಅಡಿಕೆ ಬೇಯಿಸುವ ಒಲೆಯ ಹೊಗೆ ನೋಡಿಕೊಳ್ಳುತ್ತಿತ್ತು. ವರ್ಷವಿಡೀ ಹೊಗೆಯುಂಡ ಮರ ಒಣಗಿ ಕಪ್ಪಾಗಿ ಗಟ್ಟಿಯಾಗಿರುತ್ತಿತ್ತು. ಈಗ ಗ್ಯಾಸ್, ಸೋಲಾರ್ ಬಂದಿವೆ. ಅತ್ತಿಗೆಯ ಕಣ್ಣುಗಳು ಉಳಿದಿವೆ, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಇನ್ನು ನಾವೇ ಮಾಡಬೇಕು. ಅಟ್ಟ ಇಳಿಸುವುದನ್ನು ನಿಲ್ಲಿಸಿ ಅದರ ಬದಲಿಗೆ ಒಂದು ಕ್ಯಾನು ವಿಷ ತರಿಸುವುದು ಆ ಕೆಲಸಕ್ಕೆ ಸಾಟಿಯಾಗದು.

ತಿಗಣೆಯ ವಿಷಯದಲ್ಲಂತೂ ಊರಿನ ಮನೆ ಠಾಣೆಯ ಫ್ಲಾಟಿಗಿಂತ ಮೇಲು. ತಿಗಣೆ ಸಾಯುವುದು ಬಿಸಿಗೆ. ಹಾಸು ಹೊದಿಕೆಗಳನ್ನು 60 ಡಿಗ್ರಿಯ ನೀರಿನಲ್ಲಿ ಒಗೆಯಿರಿ ಎಂದು ಇಲ್ಲಿ ಹೇಳುತ್ತಾರೆ. ಎಷ್ಟೋ ವಾಷಿಂಗ್ ಮೆಷಿನ್‌ಗಳು ಅಷ್ಟು ಬಿಸಿಯಾಗುವುದೇ ಇಲ್ಲ. ನಮ್ಮ ಬಚ್ಚಲ ಹಂಡೆಯಲ್ಲಿ ಕುದಿನೀರಿಗೆ ಬರವೇ? ಕಂಬಳಿಗೆ ಮಾತ್ರ ಕುದಿನೀರು ಸಲ್ಲದು. ಆದರೆ ಠಾಣೆಯಿಂದ ಕಲಿಯಬೇಕಾದದ್ದೂ ಒಂದಿದೆ. ಇಲ್ಲಿ ತಿಗಣೆ ಕಂಡ ಕೋಣೆಯ ಬಟ್ಟೆಗಳನ್ನು ಅಲ್ಲಿಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಆಮೇಲೆ ಹೊರಗೆ ಸಾಗಿಸುತ್ತಾರೆ. ನಾವು ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ಜಗಲಿಯುದ್ದಕ್ಕೂ ನಡೆದು ಎಲ್ಲ ಕೋಣೆಗಳಿಗೂ ಹಂಚುತ್ತೇವೆ.

ಹಾಗೆಂದು ನಗರದ ಪಟ್ಟಿಯನ್ನು ಹಾಗೆಯೇ ಊರಿಗೆ ಕಳಿಸಿದರೆ ಸಾಲದು. ಅಲ್ಲಿ ಬರೆಯದ ಸಂಗತಿಗಳೇ ಮಲೆನಾಡಿನ ಮನೆಯಲ್ಲಿ ಮುಖ್ಯ. ಅಟ್ಟದ ಮೇಲೆ ಅಡಿಕೆಯಿದೆ. ರಾಶಿ ಇಡಿಯಿರಲಿ, ಬೆಟ್ಟೆಯಿರಲಿ, ಯಾವ ಬಗೆಯ ಅಡಿಕೆಯಾದರೂ ಅದನ್ನು ತಿನ್ನುವವರು ತೊಳೆದು ತಿನ್ನುವುದಿಲ್ಲ, ನೇರವಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಡಿಕೆ ಮಂಡಿಗೆ ಹೋಗಿ ಅಟ್ಟ ಬರಿದಾಗುವವರೆಗೆ ಅಲ್ಲಿ ಔಷಧಿಯ ಮಾತೇ ಬೇಡ. ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿದರೆ ಸಾಲದು, ಅದನ್ನು ಕೋಣೆಯಿಂದಲೇ ಸಾಗಿಸಬೇಕು. ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ಹಸುಗಳನ್ನು ಹೊರಗೆ ಕಟ್ಟಬೇಕು, ಬಾನಿಯ ಅಕ್ಕಚ್ಚನ್ನು ಚೆಲ್ಲಬೇಕು. ಗೋಡೆಯ ಬಿರುಕಿನಲ್ಲಿ ಮಿಸ್ರಿ ಎಂಬ ಚುಚ್ಚದ ಪುಟ್ಟ ಜೇನು ಮನೆ ಮಾಡಿರುತ್ತದೆ, ಅಂಗಳದಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿರುತ್ತವೆ. ಜಿರಳೆಯನ್ನು ಕೊಲ್ಲುವ ಔಷಧಿ ಜೇನನ್ನೂ ಕೊಲ್ಲುತ್ತದೆ. ಆ ಬಿರುಕನ್ನು ಪಂಪಿನವನಿಗೆ ಮೊದಲೇ ತೋರಿಸಿ, ಅದರ ಸುತ್ತ ಹೊಡೆಯಕೂಡದೆಂದು ಹೇಳುವವರು ಮನೆಯವರೇ ಆಗಬೇಕು. ಬಚ್ಚಲ ಗೋಡೆಗೆ ಒರಗಿಸಿದ ಸೌದೆ ರಾಶಿ, ಮೂಲೆಯ ದರಗು, ಇವು ಗೆದ್ದಲನ್ನು ನಾವೇ ಮನೆಗೆ ಕರೆಯುವ ದಾರಿ. ಅವನ್ನು ದೂರ ಸರಿಸದೆ ಒಳಗೆ ಎಷ್ಟು ಹೊಡೆಸಿದರೂ ವ್ಯರ್ಥ.

ಗೆದ್ದಲಿನ ಚಿಕಿತ್ಸೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಎಂಬ ಸಂಹಿತೆಯೇ ಇದೆ. ಅದರ ಮೂರನೆಯ ಭಾಗ ಈಗಾಗಲೇ ಕಟ್ಟಿದ ಮನೆಗಳ ಕುರಿತದ್ದು. ನೆಲ ಗೋಡೆ ಸೇರುವ ಅಂಚಿನಲ್ಲಿ ಸುಮಾರು ಅಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು ಔಷಧಿ ಇಳಿಸುವುದು ಕ್ರಮ. ಗೋಡೆಯಂಚು ಪೂರ್ತಿ ಖಾಲಿಯಿರಬೇಕು, ನೀರಿನ ಪೈಪು, ಕರೆಂಟಿನ ವಯರು ಎಲ್ಲಿ ಹಾದಿವೆಯೆಂದು ಮನೆಯವರು ತೋರಿಸಬೇಕು. ಮಳೆ ಬರುವಾಗ, ಮಣ್ಣು ತೊಯ್ದಿರುವಾಗ ಈ ಕೆಲಸ ಮಾಡಬಾರದು, ಕುಡಿಯುವ ನೀರಿನ ಬಾವಿ, ಒರತೆಗಳಿಗೆ ಔಷಧಿ ಸೇರಬಾರದು ಎಂಬ ಎಚ್ಚರಿಕೆಗಳು ಮಲೆನಾಡಿಗೆಂದೇ ಬರೆದಂತಿವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಹಿತ್ತಿಲ ಬಾಗಿಲಿನಿಂದ ನಾಲ್ಕು ಹೆಜ್ಜೆಗೆ ಬಾವಿಯಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಆ ಬದಿಯ ಗೋಡೆಗೆ ತೂತು ಕೊರೆಯುವ ಮೊದಲು ಬಾವಿಯ ದೂರ ಅಳೆಯಬೇಕು, ಹತ್ತಿರವಿದ್ದರೆ ಆ ಬದಿಯನ್ನು ಬಿಟ್ಟುಬಿಡಬೇಕು. ಒಂದಿಷ್ಟು ಮರ ಉಳಿಸಲು ಹೋಗಿ ಇಡೀ ಮನೆಯ ನೀರು ಕೆಡಿಸಿಕೊಳ್ಳುವುದು ಯಾವ ಲಾಭ?

ಇನ್ನು ಔಷಧಿಯ ಆಯ್ಕೆ. 1968ರ ಕೀಟನಾಶಕ ಕಾಯ್ದೆ, ಅದರಡಿಯ ನಿಯಮಗಳ ಪ್ರಕಾರ ಮನೆ ಮನೆಗೆ ಔಷಧಿ ಹೊಡೆಯುವ ವ್ಯವಹಾರಕ್ಕೂ ಪರವಾನಗಿ ಬೇಕು. ಬಾಟಲಿಯ ಮೇಲಿನ ಚೌಕದಲ್ಲಿ ಕೆಂಪು ಬಣ್ಣವಿದ್ದರೆ ಅತ್ಯಂತ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಇಳಿಯುತ್ತದೆ. ಅಕ್ಷರ ಬಾರದವರೂ ಓದಬಹುದಾದ ಗುರುತು ಅದು. ಬಾಟಲಿಯನ್ನು ತೋರಿಸಿ ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ. ಊರಿನ ಅಂಗಡಿಯೊಂದರಲ್ಲಿ, ಗದ್ದೆಗೆ ಹೊಡೆಯುವ ಔಷಧಿಯನ್ನು ಚೀಟಿಯಿಲ್ಲದ ಬಾಟಲಿಗೆ ಸುರಿದು ಮನೆಗೂ ಇದೇ ಆಗುತ್ತದೆಂದು ನಮ್ಮವರಿಗೆ ಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಮನೆಮನೆಯಲ್ಲಿ ಸಲೀಸಾಗಿ ಬಳಕೆಯಲ್ಲಿದ್ದ ಡೈಕ್ಲೋರ್ವಾಸ್ ಎಂಬ ಕೀಟನಾಶಕವನ್ನು 2020ರ ಕೊನೆಯಿಂದ ದೇಶದಲ್ಲೇ ನಿಷೇಧಿಸಲಾಗಿದೆ. ಹಳೆಯ ಬಾಟಲಿ ಅಟ್ಟದ ಮೂಲೆಯಲ್ಲಿದ್ದರೆ ಅದನ್ನು ಬಳಸಬೇಡಿ. ಅಕ್ಕಿಯ ಹುಳಕ್ಕೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಎಲ್ಲಕ್ಕಿಂತ ಅಪಾಯಕಾರಿ. ಗಾಳಿಯ ತೇವ ತಾಗಿದರೆ ಸಾಕು, ಅದು ಫಾಸ್ಫೀನ್ ಅನಿಲ ಬಿಡುತ್ತದೆ, ಅದಕ್ಕೆ ಮದ್ದಿಲ್ಲ. ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಕೊರತೆ? ಜನ ಮಲಗುವ ಸೂರಿನಡಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಈ ಮಾತು ನಗರಕ್ಕೂ ಅಷ್ಟೇ ಖಡಾಖಂಡಿತ: ಒಂದೇ ಗೋಡೆ ಹಂಚಿಕೊಂಡ ಫ್ಲಾಟುಗಳಲ್ಲಿ ಒಂದು ಮನೆಯ ಅನಿಲ ಪಕ್ಕದ ಮನೆಯ ಮಗುವಿನ ಉಸಿರಿಗೆ ಸೇರುತ್ತದೆ.

ಹೊರಗಿರುವ ನಮ್ಮಂಥವರು ಯೋಚಿಸಬೇಕಾದದ್ದು ಇನ್ನೊಂದಿದೆ. ಊರಿನ ಎಷ್ಟೋ ಮನೆಗಳಲ್ಲಿ ಈಗ ಇರುವವರು ಎಪ್ಪತ್ತು ದಾಟಿದ ಅಪ್ಪಯ್ಯ, ಅಮ್ಮ ಇಬ್ಬರೇ. ನಾವು ಮೊಬೈಲಿನಲ್ಲಿ ಹಣ ಕಳಿಸಿ, "ನಾಳೆ ಪೆಸ್ಟ್ ಕಂಟ್ರೋಲಿನವರು ಬರುತ್ತಾರೆ ಅಮ್ಮಾ, ಎಲ್ಲ ಖಾಲಿ ಮಾಡಿಡಿ" ಎಂದರೆ, ಆ ಬೀರುವನ್ನು ಸರಿಸುವವರು ಯಾರು? ಮಂಡಿನೋವಿನವರು ಅಟ್ಟದ ಏಣಿ ಹತ್ತಬೇಕೇ? ಔಷಧಿಯ ಖರ್ಚಿನ ಜೊತೆಗೆ ಹಿಂದಿನ ದಿನ, ಮರುದಿನ ಇಬ್ಬರು ಆಳುಗಳ ಕೂಲಿಯನ್ನೂ ಸೇರಿಸಿ ಕಳಿಸಬೇಕು, ಇಲ್ಲವೇ ನಾವೇ ರಜೆ ಹಾಕಿ ಹೋಗಬೇಕು. ಅವರು ಅಂದು ರಾತ್ರಿ ಉಳಿಯಲು ನೆಂಟರ ಮನೆಯನ್ನು ಗೊತ್ತುಮಾಡಬೇಕು. ಉಬ್ಬಸವಿರುವ ಹಿರಿಯರನ್ನು ಔಷಧಿಯ ವಾಸನೆಯಲ್ಲಿ ಕೂರಿಸಿ, ಮನೆಗೆ ಒಳ್ಳೆಯದು ಮಾಡಿದೆವೆಂದು ನೆಮ್ಮದಿಪಡುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಮುಗಿದ ಮೇಲೆ ಕಿಟಕಿ ಬಾಗಿಲು ತೆರೆದಿಟ್ಟು, ನೆಲ ಪೂರ್ತಿ ಒಣಗಿ ಗಾಳಿಯಾಡಿದ ಮೇಲೆಯೇ ಒಳಗೆ ಹೋಗಬೇಕು. ಓಡಾಡುವ ನೆಲ, ಅಡುಗೆ ಕಟ್ಟೆಗಳನ್ನು ಒರೆಸಿಕೊಳ್ಳಬಹುದು. ಗೋಡೆಯಂಚನ್ನು ಮಾತ್ರ ಕೆಲವು ದಿನ ಮುಟ್ಟಬಾರದು, ಔಷಧಿ ಕೆಲಸ ಮಾಡುವುದು ಆ ಅಂಚಿನಲ್ಲೇ. ದಿನಕ್ಕೆರಡು ಸಲ ಫಿನೈಲ್ ಹಾಕಿ ನೆಲ ಒರೆಸುವ ಅಮ್ಮಂದಿರಿಗೆ ಇದನ್ನು ಒಪ್ಪಿಸುವುದು ಕಷ್ಟ, ಆದರೆ ಕಾರಣ ಹೇಳಿದರೆ ಒಪ್ಪುತ್ತಾರೆ.

ನಮ್ಮ ಮನೆಯ ಮಟ್ಟಿಗೆ ಅಣ್ಣ, ಅತ್ತಿಗೆ, ನಾನು ಕೂತು ಒಂದು ಕ್ರಮ ಮಾಡಿಕೊಂಡಿದ್ದೇವೆ. ಅಡಿಕೆ ಮಂಡಿಗೆ ಹೋದ ಮೇಲೆ, ಬೇಸಿಗೆ ಮಳೆಗೆ ಮೊದಲು ಅಟ್ಟ ಇಳಿಸುವುದು. ಅದೇ ವಾರ ನಾನು ಊರಿಗೆ ಹೋಗುವುದು. ಮರಕ್ಕೆ ಗೇರೆಣ್ಣೆ, ಅಡುಗೆಮನೆಗೆ ಜೆಲ್ ಮಾತ್ರ, ಬಾವಿಯ ಬದಿಗೆ ಏನೂ ಇಲ್ಲ. ಸೌದೆಗೆ ಹಿತ್ತಿಲಿನಲ್ಲಿ ಬೇರೆಯೇ ಮಾಡು ಹಾಕಿಸಲು ಅಣ್ಣ ಹಂಚು ತರಿಸಿದ್ದಾನೆ.