ಉಪಸ್ಥಿತಿ

ಆಹ್ವಾನ ಪತ್ರಿಕೆಯ ಕೊನೆಯ ಮಡಿಕೆಯಲ್ಲಿ, ‘ಸರ್ವರಿಗೂ ಸ್ವಾಗತ’ಕ್ಕಿಂತ ಒಂದು ಗೆರೆ ಮೇಲೆ, ‘ಉಪಸ್ಥಿತಿ’ ಅಂತ ಒಂದು ತಲೆಬರಹ ಇರುತ್ತದೆ. ಅದರ ಕೆಳಗೆ ಹದಿನಾಲ್ಕು ಹೆಸರು. ಉದ್ಘಾಟಕರಿಗೆ ದೀಪ ಹಚ್ಚುವ ಕೆಲಸವಿದೆ. ಅಧ್ಯಕ್ಷರಿಗೆ ಎಲ್ಲರೂ ಊಟಕ್ಕೆದ್ದ ಮೇಲೆ ಮಾತಾಡುವ ಕೆಲಸವಿದೆ. ವಂದನಾರ್ಪಣೆಯವರಿಗೆ ಶಾಮಿಯಾನದವರನ್ನೂ ಮೈಕಿನವರನ್ನೂ ನೆನೆಯುವ ಕೆಲಸವಿದೆ. ಉಪಸ್ಥಿತರಿಗೆ ಕೂರುವುದೇ ಕೆಲಸ. ಬಳ್ಳಾರಿಯಿರಲಿ, ರಾಯಚೂರಿರಲಿ, ಆ ಹದಿನಾಲ್ಕರಲ್ಲಿ ಒಬ್ಬ ಕತೆಗಾರ ಇದ್ದೇ ಇರುತ್ತಾನೆ. ಪುಸ್ತಕ ಬರೆದ ತಪ್ಪಿಗೆ ಮೂರು ತಾಸು ಪ್ಲಾಸ್ಟಿಕ್ ಕುರ್ಚಿ, ಒಂದು ಶಾಲು, ಸೋರುವ ಹಾರ.

ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಬರೆಯುವವರ ‘ವರ್ಲ್ಡ್‌ಕಾನ್’ನಲ್ಲಿ ಉಪಸ್ಥಿತಿಯ ಅರ್ಥ ಬೇರೆ. 1939ರಲ್ಲಿ ನ್ಯೂಯಾರ್ಕಿನಲ್ಲಿ, ಆ ವರ್ಷ ಅಲ್ಲಿ ನಡೆಯುತ್ತಿದ್ದ ವಿಶ್ವ ಮೇಳದ ಹೆಸರನ್ನೇ ಎರವಲು ಪಡೆದು ಸುಮಾರು ಇನ್ನೂರು ಜನ ಶುರು ಮಾಡಿದ ಸಮ್ಮೇಳನ ಅದು. 2023ರಲ್ಲಿ ಚೀನಾದ ಚೆಂಗ್ಡುವಿಗೆ ಹೋಯಿತು, 2024ರಲ್ಲಿ ಗ್ಲಾಸ್ಗೋಗೆ. ಮೊದಲ ವರ್ಷದ ಗೌರವ ಅತಿಥಿ ಫ್ರಾಂಕ್ ಆರ್. ಪಾಲ್ ಕತೆಗಾರರೇ ಅಲ್ಲ, ಪತ್ರಿಕೆಗಳ ಮುಖಪುಟಕ್ಕೆ ಚಿತ್ರ ಬರೆಯುತ್ತಿದ್ದವರು. ನಮ್ಮಲ್ಲಿ ಮುಖಪುಟ ಬರೆದವರ ಹೆಸರು ವಂದನಾರ್ಪಣೆಯಲ್ಲೂ ಬರುವುದಿಲ್ಲ.

ಅಲ್ಲಿ ಒಬ್ಬ ಲೇಖಕರ ಹೆಸರು ಕಾರ್ಯಕ್ರಮ ಪಟ್ಟಿಯಲ್ಲಿ ನಾಲ್ಕೈದು ಕಡೆ ಇರುತ್ತದೆ, ಪ್ರತಿಯೊಂದಕ್ಕೂ ಕೋಣೆ ನಂಬರು, ವೇಳೆ ಸಹಿತ. ನಾಲ್ಕೈದು ಜನರ ಗೋಷ್ಠಿ ಒಂದು ತಾಸಿನೊಳಗೆ ಮುಗಿಯಬೇಕು, ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ವಾಚನಕ್ಕೆ ಅರ್ಧ ತಾಸು. ಹತ್ತು ಜನ ಓದುಗರು ಮೊದಲೇ ಹೆಸರು ಬರೆಸಿ, ಲೇಖಕರ ಜೊತೆ ಒಂದೇ ಮೇಜಿಗೆ ಕೂತು ಕಾಫಿ ಕುಡಿಯುವ ‘ಕಾಫಿಕ್ಲಾಚ್’ ಅಂತ ಒಂದಿದೆ. ಆಮೇಲೆ ಸಹಿ. ಇಷ್ಟೆಲ್ಲ ದುಡಿಯುವ ಲೇಖಕರಲ್ಲಿ ಗೌರವ ಅತಿಥಿಗಳನ್ನು ಬಿಟ್ಟರೆ ಉಳಿದವರು ಸದಸ್ಯತ್ವದ ಹಣವನ್ನೂ ತಾವೇ ಕಟ್ಟಿ ಒಳಗೆ ಬರಬೇಕು. ಸಮ್ಮೇಳನದ ಕೈಯಲ್ಲಿ ಹಣ ಉಳಿದರೆ ಆಮೇಲೆ ವಾಪಸು. ಗಂಗಾವತಿಯಲ್ಲಿ 2011ರಲ್ಲೂ ರಾಯಚೂರಿನಲ್ಲಿ 2016ರಲ್ಲೂ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಂಡ, ನೌಕರರಿಗೆ ‘ಕರ್ತವ್ಯದ ಮೇಲಿದ್ದರು’ ಅಂತ ಕೊಡುವ ಓಓಡಿ ಪತ್ರದ ಕೌಂಟರಿನ ಮುಂದಿನ ಸಾಲನ್ನೂ ಕಂಡ ನಮ್ಮವರಿಗೆ ಈ ಮಾತು ನಂಬಲು ಸ್ವಲ್ಪ ಹೊತ್ತು ಬೇಕು. ಎರಡರಲ್ಲಿ ಯಾವುದು ಮೇಲು ಅನ್ನುವ ತೀರ್ಪು ಇಲ್ಲಿ ಬೇಡ. ಈಗ ಸಹಿಯ ವಿಷಯ.

ಸಹಿಯ ತಾಸಿನ ಲೆಕ್ಕ ಸರಳ. ಒಬ್ಬರಿಗೆ ಒಂದು ನಿಮಿಷ ಅಂದರೂ ಅರವತ್ತೇ ಜನ. ಅದಕ್ಕೇ ಒಬ್ಬರಿಗೆ ಒಂದು ಸರದಿಗೆ ಮೂರೋ ನಾಲ್ಕೋ ಪುಸ್ತಕ ಅಂತ ಮಿತಿ, ಹೆಚ್ಚಿದ್ದರೆ ಮತ್ತೆ ಸಾಲಿನ ತುದಿಗೆ. ಸ್ವಯಂಸೇವಕರು ಸಾಲಿನುದ್ದಕ್ಕೂ ನಡೆದು, ಅಂಟುಚೀಟಿಯ ಮೇಲೆ ಓದುಗರ ಹೆಸರು ಬರೆದು, ಸಹಿ ಬೀಳಬೇಕಾದ ಪುಟಕ್ಕೇ ಅಂಟಿಸಿ ಹೋಗುತ್ತಾರೆ. ಲೇಖಕರು ಚೀಟಿ ನೋಡಿ ಬರೆದರೆ ಆಯಿತು.

ಇಂಗ್ಲಿಷಿನಲ್ಲಿ ಆಯಿತು. ಕನ್ನಡದಲ್ಲಿ ಅಲ್ಲಿಂದ ಶುರು. ಚೀಟಿಯಲ್ಲಿ ‘ಎರ್ರಿಸ್ವಾಮಿ’ ಅಂತಿದೆ ಅನ್ನಿ. ಬರೆಯಬೇಕಾದದ್ದು ಎರ್ರಿಸ್ವಾಮಿಗೋ, ಎರ್ರಿಸ್ವಾಮಿಯವರಿಗೋ, ಶ್ರೀ ಎರ್ರಿಸ್ವಾಮಿ ಅವರಿಗೋ? ವಿಭಕ್ತಿ ಹಚ್ಚಿದ ಗಳಿಗೆಗೆ ಮರ್ಯಾದೆಯೂ ಹತ್ತಿಕೊಳ್ಳುತ್ತದೆ. ತಲೆಯೆತ್ತಿ ಮೀಸೆ ಬಂದಿದೆಯೋ ಇಲ್ಲವೋ ನೋಡಬೇಕು, ಹತ್ತು ಸೆಕೆಂಡು ಹೋಯಿತು. ಕಾಗುಣಿತ ಬೇರೆ. ಬಳ್ಳಾರಿಯಲ್ಲೇ ಎರ್ರಿಸ್ವಾಮಿ, ಯರ್ರಿಸ್ವಾಮಿ, ಎರಿಸ್ವಾಮಿ, ಯರಿಸ್ವಾಮಿ ಇದ್ದಾರೆ, ನಾಲ್ವರೂ ತಮ್ಮದೇ ಸರಿ ಅನ್ನುತ್ತಾರೆ, ಆಧಾರ್ ಕಾರ್ಡಿನಲ್ಲಿ ಐದನೆಯದು ಇರುತ್ತದೆ. ಬಳ್ಳಾರಿ ಕಡೆಯ ಬಾಷಾ ರಾಯಚೂರು ದಾರಿಯಲ್ಲಿ ಪಾಷಾ ಆಗುತ್ತಾನೆ. ಕೊಪ್ಪಳದ ಗವಿಸಿದ್ದಪ್ಪನಿಗೆ ದ್ದ ಬಿಟ್ಟು ದ್ಧ ಹಾಕಿದರೆ ಆತ ಏನೂ ಅನ್ನುವುದಿಲ್ಲ, ಆದರೆ ಮನೆಗೆ ಹೋಗಿ ವೈಟ್ನರ್ ಹಚ್ಚುತ್ತಾನೆ. ಬಾಯಲ್ಲಿ ಕೇಳಿ ಬರೆಯಬಾರದು. ಚೀಟಿಯಲ್ಲಿ ಓದುಗರ ಕೈಯಿಂದಲೇ ಬರೆಸಬೇಕು, ಅದೂ ‘ಗೆ’ ಸೇರಿಸಿ.

ಇನ್ನು ಪೆನ್ನು. ಜೆಲ್ ಪೆನ್ನಿನ ಶಾಯಿ ನೀರಿನದು. ನಮ್ಮ ಪುಸ್ತಕಗಳ ಎಪ್ಪತ್ತು ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ ಅದನ್ನು ಕುಡಿದು ಬೇಗ ಒಣಗಿಸುತ್ತದೆ, ತೊಂದರೆಯಿಲ್ಲ. ತೊಂದರೆ ಇರುವುದು ರಕ್ಷಾಪುಟದ ಒಳಬದಿಯ ನುಣುಪು ಕಾರ್ಡಿನಲ್ಲಿ. ಅಲ್ಲಿ ಶಾಯಿ ಇಳಿಯಲು ಜಾಗವಿಲ್ಲ, ಮೇಲೇ ನಿಂತಿರುತ್ತದೆ. ಪುಸ್ತಕ ಮುಚ್ಚಿದ ಕೂಡಲೇ ಎದುರು ಪುಟದಲ್ಲಿ ಸಹಿ ಉಲ್ಟಾ ಮೂಡುತ್ತದೆ. ಬಾಲ್ ಪೆನ್ನಿನದು ಎಣ್ಣೆಯ ಶಾಯಿ, ನಲವತ್ತು ಡಿಗ್ರಿಯ ಏಪ್ರಿಲ್‌ನಲ್ಲಿ ಅಂಗಿಯ ಜೇಬಿನಲ್ಲೇ ತೆಳ್ಳಗಾಗಿ ಅಕ್ಷರದ ತಿರುವಿನಲ್ಲಿ ಗೊಂಡೆ ಕಟ್ಟುತ್ತದೆ. ಕನ್ನಡದಲ್ಲಿ ತಿರುವಿಲ್ಲದ ಅಕ್ಷರ ಯಾವುದು? ಇಂಕ್ ಪೆನ್ನು ಘನವಾಗಿ ಕಾಣುತ್ತದೆ, ಹಿಂದಿನ ಪುಟದಲ್ಲಿ ಪ್ರಕಾಶಕರ ವಿಳಾಸದ ಮೇಲೂ ಕಾಣುತ್ತದೆ. ನಡೆಯುವುದು ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಪುಡಿ) ಶಾಯಿಯ ಸಣ್ಣ ಮೊನೆಯ ಪೆನ್ನು: ನೀರು ಬಿದ್ದರೂ ಹರಡದು, ಬಿಸಿಲಿಗೂ ಸುಲಭಕ್ಕೆ ಮಾಸದು. ಎರಡಿರಲಿ. ಸಹಿ ಹಾಕುವ ಜಾಗ ಶೀರ್ಷಿಕೆ ಪುಟ, ಮುದ್ರಿತ ಹೆಸರಿನ ಕೆಳಗೆ. ನಡುವೆ ಒಂದು ಚೂರು ಬಿಳಿ ಕಾಗದ ಇಟ್ಟೇ ಮುಚ್ಚಬೇಕು.

ಈ ಸೀಮೆಯ ಸಮಸ್ಯೆ ಮಾತ್ರ ಯಾವ ಕೈಪಿಡಿಯಲ್ಲೂ ಇಲ್ಲ: ಮಿರ್ಚಿ. ಸಾಲು ಉದ್ದವಾದಷ್ಟೂ ಒಗ್ಗರಣೆ-ಮಿರ್ಚಿ ಬಂಡಿ ಹತ್ತಿರ ಬರುತ್ತದೆ. ಬಲಗೈಯಲ್ಲಿ ಮಿರ್ಚಿ, ಎಡಗೈಯಲ್ಲಿ ಕಾದಂಬರಿ, ಸರದಿ ಬಂದಾಗ ಬಲಗೈಯಿಂದಲೇ ಪುಟ ತೆರೆಯುವುದು. ಕಾಗದದ ಎಳೆಗಳ ನಡುವಿನ ಸಂದಿಯನ್ನು ಎಣ್ಣೆ ತುಂಬಿಕೊಂಡ ಮೇಲೆ ಬೆಳಕು ಹಾಯುತ್ತದೆ, ಶಾಯಿ ಹಾಯುವುದಿಲ್ಲ. ನೀರಿನ ಶಾಯಿ ಹನಿಯಾಗಿ ಉರುಳುತ್ತದೆ. ಬಾಲ್ ಪೆನ್ನಿನ ಗುಂಡು ತಿರುಗದೆ ಜಾರುತ್ತದೆ, ಅಲ್ಲದೆ ಆ ಎಣ್ಣೆಯನ್ನು ಮೈಗೆ ಮೆತ್ತಿಕೊಂಡು ಮುಂದಿನವರ ಪುಸ್ತಕದಲ್ಲೂ ಮುಷ್ಕರ ಹೂಡುತ್ತದೆ. ಮೊನೆಯನ್ನು ಹಳೆ ವೃತ್ತಪತ್ರಿಕೆಯ ಮೇಲೆ ನಾಲ್ಕು ಸುತ್ತು ಉಜ್ಜಬೇಕು. ಕಲೆಯಿಂದ ಎರಡು ಬೆರಳು ದೂರ ಬರೆಯಬೇಕು, ಏಕೆಂದರೆ ಎಣ್ಣೆ ಇನ್ನೂ ಹರಿಯುತ್ತಿರುತ್ತದೆ. ಸಾಲಿನ ತಲೆಯಲ್ಲಿ ಒಂದು ಒದ್ದೆ ವಸ್ತ್ರ, ಒಂದು ಒಣ ವಸ್ತ್ರ ಇಟ್ಟು ಕಾಲೇಜು ಹುಡುಗನೊಬ್ಬನನ್ನು ನಿಲ್ಲಿಸಿದರೆ ಎಲ್ಲ ಸಲೀಸು. ಆದರೆ ಸಂಘಟಕರು ಹುಡುಗರನ್ನೆಲ್ಲ ವೇದಿಕೆಯ ಮೇಲೆ ಹಾರ ಹಿಡಿಯಲು ನಿಲ್ಲಿಸಿರುತ್ತಾರೆ. ಕಿಷ್ಕಿಂಧೆಯನ್ನೇ ಆನೆಗೊಂದಿಯಲ್ಲಿ ಇಟ್ಟುಕೊಂಡ ಕೊಪ್ಪಳ ಜಿಲ್ಲೆಗೆ ಫ್ಯಾಂಟಸಿ ಕಲಿಸಬೇಕಿಲ್ಲ, ಕೈ ಒರೆಸುವ ವಸ್ತ್ರ ಕಲಿಸಬೇಕು.

ಹೆಸರಿನ ಫಲಕ ಫ್ಯಾನಿನ ಗಾಳಿಗೆ ಹಾರಬಾರದೆಂದರೆ ದಪ್ಪ ಕಾರ್ಡನ್ನು ಎರಡಲ್ಲ, ಮೂರು ಮಡಿಕೆ ಮಾಡಿ ತಳಕ್ಕೆ ಸ್ಟೇಪ್ಲರ್ ಹೊಡೆಯಬೇಕು. ನೀರಿನ ಬಾಟಲಿ ಅದರ ಮುಂದೆ ಇಡಬಾರದು, ಹೆಸರು ಮುಚ್ಚುತ್ತದೆ, ಒಳಗೆ ಇಡಬೇಕು.

ಕೊನೆಯದಾಗಿ, ಎರವಲು ಪೆನ್ನು. ಸಹಿ ಮುಗಿಯುತ್ತಿದ್ದಂತೆ ಯಾರೋ ಒಬ್ಬರು ‘ಸರ, ಸ್ವಲ್ಪ ಪೆನ್ ಕೊಡ್ರಿ, ಫೋನ್ ನಂಬರ್ ಬರ್ಕೊಂತೀನಿ’ ಅನ್ನುತ್ತಾರೆ. ಆ ಪೆನ್ನು ಬಸ್ ಸ್ಟ್ಯಾಂಡ್ ತಲುಪಿದಾಗ ನಿಮಗೆ ನೆನಪಾಗುತ್ತದೆ. ಮುಚ್ಚಳವನ್ನು ಕೈಯಲ್ಲೇ ಇಟ್ಟುಕೊಂಡು ಪೆನ್ನು ಕೊಡಬೇಕು. ಮುಚ್ಚಳವಿಲ್ಲದ ಪೆನ್ನನ್ನು ಬಿಳಿ ಅಂಗಿಯ ಜೇಬಿಗೆ ಸೇರಿಸಲು ಎಂಥವರೂ ಹಿಂಜರಿಯುತ್ತಾರೆ. ಟಕ್ ಅಂತ ಒತ್ತುವ ಪೆನ್ನಾದರೆ ಈ ಉಪಾಯ ನಡೆಯುವುದಿಲ್ಲ.