ಸೋಪು ಹಾಕಿ ತೊಳೆದ ಭಾಷೆ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನ ತಮ್ಮ ಭಾಷೆಯಲ್ಲಿ ಅಮೆರಿಕದ ಸೈನ್ಯಕ್ಕೆ ಗುಟ್ಟಿನ ಸಂದೇಶ ಕಳಿಸುತ್ತಿದ್ದರು, ಜಪಾನಿನವರಿಗೆ ಕೊನೇವರೆಗೂ ಅದನ್ನು ಬಿಡಿಸಲು ಆಗಲಿಲ್ಲ ಅನ್ನುವ ಕಥೆ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಮೊನ್ನೆ ನಮ್ಮ ಮನೆಯವರ ಗ್ರೂಪಿಗೂ ಬಂತು. ಕಥೆ ನಿಜ. ಆದರೆ ಅದರ ಹಿಂದಿನದ್ದೂ ಇಲ್ಲ, ಮುಂದಿನದ್ದೂ ಇಲ್ಲ. ನನಗೆ ಬೇಜಾರು ಅದಕ್ಕೇ.

1864ರಲ್ಲಿ ಇದೇ ಅಮೆರಿಕದ ಸೈನ್ಯ ಇವರ ಬೆಳೆ ಸುಟ್ಟು, ಪೀಚ್ ಮರಗಳನ್ನು ಕಡಿದು, ಸಾವಿರಾರು ಜನರನ್ನು ಸುಮಾರು 300 ಮೈಲಿ ದೂರದ ಬಾಸ್ಕ್ ರೆಡಾಂಡೋ ಅನ್ನುವ ಸೆರೆ ಶಿಬಿರಕ್ಕೆ ನಡೆಸಿಕೊಂಡು ಹೋಯಿತು. ದಾರಿಯಲ್ಲಿ ಸತ್ತವರಿದ್ದಾರೆ. ಅಲ್ಲಿ ಹಸಿವು, ಕಾಯಿಲೆಯಿಂದ ಸತ್ತವರು ಇನ್ನೂ ಜಾಸ್ತಿ. 1868ರಲ್ಲಿ ಒಪ್ಪಂದ ಮಾಡಿಕೊಂಡು ವಾಪಸ್ ಊರಿಗೆ ಬಿಟ್ಟರು. ಮಕ್ಕಳನ್ನು ಇಂಗ್ಲಿಷ್ ಕಲಿಯಲು ಶಾಲೆಗೆ ಕಳಿಸಲೇಬೇಕು ಅನ್ನುವ ಷರತ್ತೂ ಆ ಒಪ್ಪಂದದಲ್ಲೇ ಇತ್ತು.

ಆ ಶಾಲೆಗಳಲ್ಲಿ ಮಕ್ಕಳ ಉದ್ದ ಕೂದಲು ಕತ್ತರಿಸುತ್ತಿದ್ದರು. ಹೆಸರು ಬದಲಿಸುತ್ತಿದ್ದರು. ಮನೆಮಾತು ಆಡಿದರೆ ಶಿಕ್ಷೆ. ಮುಂದೆ ಈ ಸಂಕೇತ ಭಾಷೆ ಕಟ್ಟಿದವರಲ್ಲಿ ಒಬ್ಬರಾದ ಚೆಸ್ಟರ್ ನೆಜ್, ನವಾಹೋ ಮಾತಾಡಿದ್ದಕ್ಕೆ ತಮ್ಮ ಬಾಯನ್ನು ಸೋಪಿನಿಂದ ತೊಳೆಯುತ್ತಿದ್ದರು ಎಂದು ಹೇಳಿಕೊಂಡಿದ್ದಾರೆ. ಚೆಸ್ಟರ್ ಅನ್ನುವ ಹೆಸರೂ ಶಾಲೆ ಕೊಟ್ಟದ್ದೇ. 1930ರ ದಶಕದಲ್ಲಿ, ಹುಲ್ಲುಗಾವಲಿನ ಮಣ್ಣು ಸವೆಯುತ್ತಿದೆ ಅಂತ ಸರ್ಕಾರ ಇವರ ಕುರಿ, ಮೇಕೆಗಳನ್ನು ಹಿಂಡುಹಿಂಡಾಗಿ ಕೊಲ್ಲಿಸಿತು. ಕುರಿಯೇ ಬದುಕಾಗಿದ್ದ ಮನೆಗಳು ಬರಿಗೈಯಾದವು. ನೆಜ್ ಅವರ ಮನೆಯೂ ಅದರಲ್ಲಿ ಒಂದು.

ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ ಇತ್ತು. ಆಟದ ಬಯಲಿನಲ್ಲಿ ಬಿದ್ದು ಮಂಡಿ ಒಡೆದುಕೊಂಡಾಗ "ಅಮ್ಮಾ" ಅಂದಿದ್ದಕ್ಕೂ ಲೀಡರ್ ಹುಡುಗಿ ದಂಡದ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡಿದ್ದಳು. ನವಾಹೋ ಮಕ್ಕಳು ಪಟ್ಟ ಪಾಡಿನ ಪಕ್ಕ ಇದನ್ನು ಇಡುವ ಹಾಗೇ ಇಲ್ಲ, ಗೊತ್ತು. ಆದರೂ ಸೋಪಿನ ವಿಷಯ ಓದಿದಾಗ ನನಗೆ ಮೊದಲು ನೆನಪಾಗಿದ್ದು ಆ ಪುಸ್ತಕದಲ್ಲಿ ಬರೆದ ನನ್ನ ಹೆಸರು.

1942ರ ಮೇ ತಿಂಗಳಲ್ಲಿ 29 ನವಾಹೋ ಹುಡುಗರು ಅಮೆರಿಕ ಸೇನೆಯ ಮರೀನ್ ಪಡೆ (ಸಮುದ್ರದಿಂದ ದಡಕ್ಕಿಳಿದು ಹೋರಾಡುವ ಪಡೆ) ಸೇರಿದರು. ಈ ಭಾಷೆಯನ್ನು ಬಳಸೋಣ ಅಂತ ಸಲಹೆ ಕೊಟ್ಟವರು ಫಿಲಿಪ್ ಜಾನ್‌ಸ್ಟನ್, ಮಿಷನರಿಯೊಬ್ಬರ ಮಗ, ನವಾಹೋ ನಾಡಿನಲ್ಲೇ ಬೆಳೆದವರು. ಆದರೆ ಸಂಕೇತಗಳನ್ನು ಕಟ್ಟಿದ್ದು ಆ ಹುಡುಗರೇ. ಇದನ್ನು ಒತ್ತಿ ಹೇಳಬೇಕು. ಸುಮ್ನೆ ಮನೆಮಾತು ಆಡಿದ್ದಲ್ಲ ಅವರು. ಅವರ ಭಾಷೆಯಲ್ಲಿ ಸಬ್‌ಮರೀನ್‌ಗೆ ಪದ ಇರಲಿಲ್ಲ. 'ಬೇಶ್ ಲೋ' ಅಂದರು. ಕಬ್ಬಿಣದ ಮೀನು! ಯುದ್ಧ ವಿಮಾನ ಹೂವಿನ ರಸ ಹೀರುವ ಪುಟ್ಟ ಹಕ್ಕಿಯಾಯಿತು. ಬಾಂಬು ಹಾಕುವ ವಿಮಾನ ರಣಹದ್ದು, ಬಾಂಬು ಮೊಟ್ಟೆ. ಟ್ಯಾಂಕು ಆಮೆ, ಗ್ರೆನೇಡು ಆಲೂಗೆಡ್ಡೆ. 200 ಚಿಲ್ಲರೆ ಪದಗಳಿಂದ ಶುರುವಾಗಿ ಯುದ್ಧ ಮುಗಿಯುವಷ್ಟರಲ್ಲಿ 400 ದಾಟಿತು. ಎಲ್ಲವೂ ಬಾಯಿಪಾಠ. ಸಂಕೇತ ಕಲಿಯದ ನವಾಹೋಗಳಿಗೂ ಅರ್ಥ ಆಗುತ್ತಿರಲಿಲ್ಲ. ಜಪಾನಿನವರ ಸೆರೆಯಲ್ಲಿದ್ದ ಜೋ ಕಿಯೋಮಿಯಾ ಅನ್ನುವ ನವಾಹೋ ಸೈನಿಕನಿಗೆ ಹಿಂಸೆ ಕೊಟ್ಟು ಕೇಳಿದರು. ಅವನಿಗೆ ಒಂದೊಂದು ಪದ ತಿಳಿಯಿತು, ಮಾತು ಏನೆಂದು ತಿಳಿಯಲಿಲ್ಲ.

ನಾವು ಸಬ್‌ಮರೀನ್‌ಗೆ ಜಲಾಂತರ್ಗಾಮಿ ಅಂತೀವಿ. ನನ್ನ ಮಗನಿಗೆ ಅದನ್ನು ಎರಡು ಸಲ ಹೇಳಿಕೊಟ್ಟರೂ ನಾಲಿಗೆ ಹೊರಳಲಿಲ್ಲ. ಕಬ್ಬಿಣದ ಮೀನು ಅಂದ ತಕ್ಷಣ ಹಿಡಿದುಕೊಂಡ. ಕುರಿ ಮೇಯಿಸಿಕೊಂಡು ಬೆಳೆದವರು, ಕಣ್ಣಮುಂದೆ ಇದ್ದದ್ದರಿಂದಲೇ ಪದ ಮಾಡಿದರು. ಇಂಥ ಭಾಷೆಯನ್ನೇ ಅಲ್ವಾ ಕೆಲಸಕ್ಕೆ ಬಾರದ್ದು ಅಂತ ಸೋಪು ಹಾಕಿ ತೊಳೆದದ್ದು?

1945ರಲ್ಲಿ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ನಡೆದ ಯುದ್ಧದ ಮೊದಲ 48 ಗಂಟೆಯಲ್ಲಿ ಇವರಲ್ಲಿ ಆರು ಜನ 800ಕ್ಕೂ ಹೆಚ್ಚು ಸಂದೇಶ ಕಳಿಸಿದರು, ಪಡೆದರು. ಒಂದೂ ತಪ್ಪಿಲ್ಲ. ಇವರಿಲ್ಲದಿದ್ದರೆ ಆ ದ್ವೀಪ ನಮ್ಮ ಕೈಗೆ ಬರುತ್ತಲೇ ಇರಲಿಲ್ಲ ಅಂದವರು ಅಲ್ಲೇ ಇದ್ದ ಮರೀನ್ ಅಧಿಕಾರಿ ಮೇಜರ್ ಹೊವಾರ್ಡ್ ಕಾನರ್.

ಇಷ್ಟೆಲ್ಲಾ ಅನುಭವಿಸಿದವರು ಆ ದೇಶಕ್ಕಾಗಿ ಯಾಕೆ ಹೋದರು ಅಂತ ಗ್ರೂಪಿನಲ್ಲಿ ನಮ್ಮ ಚಿಕ್ಕಪ್ಪ ಕೇಳಿದರು. ಸಂಕೇತದಲ್ಲಿ ಅಮೆರಿಕಕ್ಕೆ ಇಟ್ಟ ಪದ 'ನೆಹೆಮಾ'. ನಮ್ಮ ತಾಯಿ ಅಂತ. ನನಗೆ ಅನ್ನಿಸುವುದು, ಆ ತಾಯಿ ವಾಷಿಂಗ್ಟನ್‌ನ ಸರ್ಕಾರ ಅಲ್ಲ. ಸರ್ಕಾರ ಹುಟ್ಟುವುದಕ್ಕೂ ಮುಂಚೆ ಇದ್ದ ನೆಲ.

ವಾಪಸ್ ಬಂದ ಮೇಲೆ? ಸೇನೆ ಬಾಯಿ ಬಿಡಬೇಡಿ ಅಂದಿತ್ತು. 1968ರವರೆಗೂ ಅದು ಗುಟ್ಟಾಗಿಯೇ ಇತ್ತು. ಹೆಂಡತಿ ಮಕ್ಕಳಿಗೂ ಹೇಳುವಂತಿರಲಿಲ್ಲ. ಇನ್ನು ಓಟು. 1924ರಲ್ಲೇ ಪೌರತ್ವ ಕೊಟ್ಟಿದ್ದರೂ ನವಾಹೋಗಳಿದ್ದ ಅರಿಜೋನಾ, ನ್ಯೂ ಮೆಕ್ಸಿಕೋ ರಾಜ್ಯಗಳಲ್ಲಿ, ಸರ್ಕಾರ ಗೊತ್ತುಮಾಡಿದ ಮೀಸಲು ನೆಲದಲ್ಲಿದ್ದ ಮೂಲನಿವಾಸಿಗಳಿಗೆ ಓಟು ಇರಲಿಲ್ಲ. ನ್ಯೂ ಮೆಕ್ಸಿಕೋದ ಇನ್ನೊಂದು ಮೂಲನಿವಾಸಿ ಸಮುದಾಯ ಇಸ್ಲೆಟಾ ಪುಯೆಬ್ಲೊಗೆ ಸೇರಿದ ಮಿಗೆಲ್ ಟ್ರುಹಿಯೊ ಮರೀನ್ ಪಡೆಯಲ್ಲಿ ದುಡಿದು ಬಂದ ಶಾಲಾ ಮೇಷ್ಟ್ರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ ಆಗಲ್ಲ ಅಂದು ಕಳಿಸಿದರು. ಕೋರ್ಟಿಗೆ ಹೋಗಿ 1948ರಲ್ಲಿ ಗೆದ್ದರು. ಯುದ್ಧ ಮುಗಿದು ಮೂರು ವರ್ಷ ಆಗಿತ್ತು. ಚುನಾವಣೆಯ ಸಾಲಿನಲ್ಲಿ ನಿಲ್ಲಲು ಸೈನಿಕನೊಬ್ಬ ಕೋರ್ಟು ಹತ್ತಬೇಕಾಯಿತು. ಫಾರ್ವರ್ಡ್ ಮಾಡುವಾಗ ಈ ಸಾಲನ್ನೂ ಸೇರಿಸಿ, ದಯವಿಟ್ಟು.

2001ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ಆ 29 ಜನರಿಗೆ ಚಿನ್ನದ ಪದಕ ಕೊಟ್ಟರು. ಪದಕದ ಹಿಂಬದಿಯಲ್ಲಿ ನವಾಹೋ ಭಾಷೆಯಲ್ಲೇ ಒಂದು ಸಾಲು ಕೆತ್ತಿದ್ದಾರೆ. ನವಾಹೋ ಮಾತಿನಿಂದ ಶತ್ರುವನ್ನು ಗೆದ್ದರು ಅಂತ ಅದರ ಅರ್ಥ. ಅಷ್ಟು ಹೊತ್ತಿಗೆ ಬದುಕಿದ್ದವರು ಐದೇ ಜನ. ಪದಕ ತೆಗೆದುಕೊಳ್ಳಲು ನಾಲ್ವರು ಬಂದರು.