ವೈದ್ಯರ ತಪ್ಪಿಗೆ ಗ್ರಾಹಕ ಆಯೋಗವೇ ಸರಿಯಾದ ಜಾಗವೇ?

ಪರ: ಬೇರೆಡೆ ಹೋದರೆ ಬರಿಗೈ
(ರೋಗಿಗಳ ಪರ ವಾದಿಸುವ ವಕೀಲರು)

ಆಸ್ಪತ್ರೆಯಲ್ಲಿ ಎಡವಟ್ಟಾದರೆ ಮನೆಯವರು ಸೀದಾ ಪೊಲೀಸ್ ಠಾಣೆಗೆ ಓಡುತ್ತಾರೆ. ಅಲ್ಲಿ ದಕ್ಕುವುದು ಕಡಿಮೆ. ವೈದ್ಯರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು, ತನಿಖಾಧಿಕಾರಿ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆಯಬಹುದು, ಆದರೆ ರೋಗಿಗೆ ಪರಿಹಾರ ಕೊಡಿಸಲಾರದು. ಸಿವಿಲ್ ಕೋರ್ಟಿನಲ್ಲಿ ಕೇಳುವ ಮೊತ್ತ ಏರಿದಂತೆ ಕೋರ್ಟ್ ಫೀಯೂ ಏರುತ್ತದೆ. ಉಳಿಯುವುದು ಗ್ರಾಹಕ ಆಯೋಗ. ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಈ ದಾರಿ ತೆರೆಯಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು.

ಖರ್ಚಿನ ಲೆಕ್ಕ ನೋಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಯಾವ ಆಯೋಗಕ್ಕೆ ಹೋಗಬೇಕೆಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ ನಿಂತಿದೆ. ಈಗಿನ ನಿಯಮದಂತೆ 50 ಲಕ್ಷದವರೆಗೆ ಜಿಲ್ಲಾ ಆಯೋಗ. ಕಟ್ಟಿದ್ದು 5 ಲಕ್ಷದೊಳಗಾದರೆ ಶುಲ್ಕವೇ ಇಲ್ಲ. ಅಂದರೆ 3 ಲಕ್ಷದ ಬಿಲ್ ಕಟ್ಟಿ 40 ಲಕ್ಷ ಪರಿಹಾರ ಕೇಳುವವರಿಗೆ ದೂರಿನ ಶುಲ್ಕ ಸೊನ್ನೆ. ರಾಯಚೂರಿನವರು ಬೆಂಗಳೂರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರೂ ರಾಯಚೂರಿನಲ್ಲೇ ದೂರು ಕೊಡಬಹುದು. ವಕೀಲರೂ ಕಡ್ಡಾಯವಲ್ಲ (ನಮ್ಮ ಸಂಘದಲ್ಲಿ ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ).

ಕೇಸು ಬೀಳುವುದು ಶುಲ್ಕದಿಂದಲ್ಲ, ಕಾಗದದಿಂದ. ಬರುವವರೆಲ್ಲ ಡಿಸ್ಚಾರ್ಜ್ ಸಮ್ಮರಿ, ಬಿಲ್ಲು ಹಿಡಿದು ಬರುತ್ತಾರೆ. ಸಮ್ಮರಿ ಎಲ್ಲ ಮುಗಿದ ಮೇಲೆ ಬರೆದದ್ದು, ಅದರಲ್ಲಿ ತಪ್ಪು ಕಾಣುವುದು ಅಪರೂಪ. ನಿಜವಾದ ಕೇಸು ನರ್ಸ್‌ಗಳ ಚಾರ್ಟಿನಲ್ಲಿರುತ್ತದೆ: ರಾತ್ರಿ ಎರಡಕ್ಕೆ ಬಿಪಿ ಇಳಿದಿದೆ, ಡಾಕ್ಟರ್ ಬಂದದ್ದು ಐದಕ್ಕೆ. ಆದ್ದರಿಂದ ಪೂರ್ತಿ ಕೇಸ್ ಶೀಟ್‌ಗೆ ಲಿಖಿತ ಅರ್ಜಿ ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಆಪರೇಷನ್ ನೋಟ್ಸ್, ಅರಿವಳಿಕೆ ಚಾರ್ಟ್, ಔಷಧ ಕೊಟ್ಟ ವೇಳೆಯ ಹಾಳೆ, ಒಪ್ಪಿಗೆ ಪತ್ರ ಎಲ್ಲವನ್ನೂ ಹೆಸರು ಹಿಡಿದು ಕೇಳಿ. 2002ರ ವೈದ್ಯಕೀಯ ನೀತಿ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ದಾಖಲೆಯನ್ನು ಮೂರು ವರ್ಷ ಇಡಬೇಕೆಂದೂ ಅದರಲ್ಲೇ ಇದೆ. ಸಾವಾಗಿದ್ದರೆ, ಎಷ್ಟೇ ಸಂಕಟವಾದರೂ, ಮರಣೋತ್ತರ ಪರೀಕ್ಷೆ ಮಾಡಿಸಿ. ಅದಿಲ್ಲದಿದ್ದರೆ ಸಾವು ಚಿಕಿತ್ಸೆಯಿಂದಲೋ ಕಾಯಿಲೆಯಿಂದಲೋ ಎಂಬ ಒಂದೇ ಪ್ರಶ್ನೆಯಲ್ಲಿ ಆಸ್ಪತ್ರೆ ಪಾರಾಗುತ್ತದೆ.

ಗಡುವು ಎರಡು ವರ್ಷ. ಹೊಟ್ಟೆಯೊಳಗೆ ಉಳಿದ ಬಟ್ಟೆಯಂಥದ್ದಾದರೆ ಗೊತ್ತಾದ ದಿನದಿಂದ ಎಣಿಸಬಹುದು, ಆದರೆ ಅದನ್ನೇ ನೆಚ್ಚಬೇಡಿ. ಪಿತ್ತಕೋಶದ ಆಪರೇಷನ್ ಆಗಿ ಒಂಬತ್ತು ವರ್ಷದ ಮೇಲೆ ಹೊಟ್ಟೆಯಲ್ಲಿ ಗಾಜ್ ಬಟ್ಟೆ ಸಿಕ್ಕ ಪ್ರಕರಣವೊಂದನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಕಾಲ ಮೀರಿದೆ ಎಂದು ತಳ್ಳಿಹಾಕಿತು. ಆ ರೋಗಿ ಸ್ವತಃ ನರ್ಸ್, ಅಷ್ಟು ವರ್ಷ ನೋವು ತಿಂದವರು, ಮೊದಲೇ ವಿಚಾರಿಸಬೇಕಿತ್ತು ಎಂಬುದು ಕಾರಣ.

ಆಯೋಗದವರಿಗೆ ವೈದ್ಯಶಾಸ್ತ್ರ ಏನು ಗೊತ್ತು ಎನ್ನುತ್ತಾರೆ. ಕಟ್ಟಡ ಕುಸಿದ ಕೇಸು ನಡೆಸುವ ಜಡ್ಜ್ ಇಂಜಿನಿಯರಿಂಗ್ ಓದಿರಬೇಕೇ? ಸಮೀರಾ ಕೊಹ್ಲಿ ಪ್ರಕರಣ (2008) ನೋಡಿ. ರೋಗಿ ಸಹಿ ಹಾಕಿದ್ದು ಹೊಟ್ಟೆಯೊಳಗೆ ಕೊಳವೆ ತೂರಿಸಿ ನೋಡುವ ತಪಾಸಣೆಯ ಲ್ಯಾಪರೋಸ್ಕೋಪಿಗೆ. ಆಕೆ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ಅದು ಒಪ್ಪಿಗೆಯಲ್ಲ ಎಂದು ತಿಳಿಯಲು ಎಂಬಿಬಿಎಸ್ ಬೇಕಿಲ್ಲ. ತಜ್ಞರ ಅಭಿಪ್ರಾಯ ಎಲ್ಲ ಕೇಸಿಗೂ ಕಡ್ಡಾಯವಲ್ಲ ಎಂದು ಕಿಶನ್ ರಾವ್ ತೀರ್ಪು (2010) ಸ್ಪಷ್ಟಪಡಿಸಿದೆ. ಕಡ್ಡಾಯವೆಂದಿದ್ದರೆ ಒಬ್ಬ ಡಾಕ್ಟರ್ ವಿರುದ್ಧ ಇನ್ನೊಬ್ಬ ಡಾಕ್ಟರ್ ಬರೆದುಕೊಡಲಿ ಎಂದು ಕಾಯುತ್ತಲೇ ಆ ಎರಡು ವರ್ಷ ಕಳೆದುಹೋಗುತ್ತಿತ್ತು.

ವಿರೋಧ: ಮೊದಲು ತಜ್ಞರು ನೋಡಲಿ
(ಖಾಸಗಿ ಆಸ್ಪತ್ರೆಯೊಂದರ ವೈದ್ಯಕೀಯ ಅಧೀಕ್ಷಕರು)

ಆಯೋಗವೇ ಬೇಡ ಎಂದು ಬರೆಯಿರಿ ಎಂದು ಸಂಪಾದಕರು ಕೇಳಿದರು. ಅಷ್ಟು ದೂರ ಹೋಗುವುದು ಕಷ್ಟ. ಆದರೂ ಒಂದು ಮಾತು ಕೇಳಲೇಬೇಕು. ವಕೀಲರು ಹಣ ಪಡೆದು ಸೇವೆ ಕೊಡುತ್ತಾರೆ, ವೈದ್ಯರೂ ಅಷ್ಟೇ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಕೀಲರು ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದಿತು, ಶಾಂತಾ ತೀರ್ಪನ್ನೂ ಮರುಪರಿಶೀಲಿಸಬೇಕು ಎಂದಿತು. ಅದೇ ವರ್ಷ ನವೆಂಬರಿನಲ್ಲಿ ಮೂವರ ಪೀಠ ಆ ಅಗತ್ಯವಿಲ್ಲವೆಂದು ಕೈಬಿಟ್ಟಿತು. ವಕೀಲರು ಹೊರಗೆ, ವೈದ್ಯರು ಒಳಗೆ. ಪಕ್ಕದ ಅಂಕಣದ ಲೇಖಕರು ಈ ಬಗ್ಗೆ ಒಂದಕ್ಷರ ಬರೆದಿಲ್ಲ. ಅವರ ಮಾತು ಕೇಳಿದರೆ ರೋಗಿ ಗುಣವಾಗದಿರುವುದೂ ಒಂದೇ, ಕೊಂಡ ಮಿಕ್ಸಿ ತಿರುಗದಿರುವುದೂ ಒಂದೇ.

ಬಟ್ಟೆ ಹೊಟ್ಟೆಯಲ್ಲಿ ಬಿಟ್ಟದ್ದು, ಒಪ್ಪಿಗೆಯಿಲ್ಲದೆ ಕೊಯ್ದದ್ದು ಸುಲಭದ ಕೇಸುಗಳು. ಕಷ್ಟದ್ದು ಅನುರಾಧಾ ಸಾಹಾ ಪ್ರಕರಣದಂಥದ್ದು. 1998ರಲ್ಲಿ ಕೋಲ್ಕತ್ತಾದಲ್ಲಿ ಚರ್ಮದ ದದ್ದಿಗೆ ಡೆಪೊಮೆಡ್ರಾಲ್ 80 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ ಬರೆದುಕೊಟ್ಟರು. ಅದು ಮೈಯಲ್ಲಿ ಬಹಳ ದಿನ ನಿಲ್ಲುವ ಸ್ಟಿರಾಯ್ಡ್, ಒಂದು ಸೂಜಿಗೂ ಇನ್ನೊಂದಕ್ಕೂ ವಾರಗಳ ಅಂತರ ಬೇಕು. ಚರ್ಮ ಸುಲಿಯುವ ಟಿಇಎನ್ ಕಾಯಿಲೆ ಆಕೆಯನ್ನು ಬಲಿ ತೆಗೆದುಕೊಂಡಿತು. ಹೋರಾಡಿದ ಪತಿ ಸ್ವತಃ ವೈದ್ಯರು, ಅಮೆರಿಕದಲ್ಲಿದ್ದವರು. ಅಂಥವರ ದೂರನ್ನೂ ರಾಷ್ಟ್ರೀಯ ಗ್ರಾಹಕ ಆಯೋಗ 2006ರಲ್ಲಿ ವಜಾ ಮಾಡಿತು. 2009ರಲ್ಲಿ ಸುಪ್ರೀಂ ಕೋರ್ಟ್ ನಿರ್ಲಕ್ಷ್ಯವೆಂದು ಒಪ್ಪಿ, ಪರಿಹಾರ ನಿಗದಿ ಮಾಡಲು ವಾಪಸ್ ಕಳಿಸಿತು. 2013ರಲ್ಲಿ ಅದೇ ಕೋರ್ಟು ಸುಮಾರು 6 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಿಸಿತು. ನಡುವೆ ಹದಿನೈದು ವರ್ಷ. ಮೂರರಿಂದ ಐದು ತಿಂಗಳಲ್ಲಿ ದೂರು ತೀರಬೇಕೆಂದು ಕಾಯ್ದೆ ಹೇಳುತ್ತದೆ! ಔಷಧದ ಪ್ರಮಾಣ ತಪ್ಪೆಂದು ಮೊದಲ ವರ್ಷವೇ ಔಷಧಶಾಸ್ತ್ರ ಬಲ್ಲವರೊಬ್ಬರು ಬರೆದುಕೊಟ್ಟಿದ್ದರೆ ಇಷ್ಟು ಅಲೆದಾಟ ಇರುತ್ತಿತ್ತೇ? ಸಿವಿಲ್ ಕೋರ್ಟಿನಲ್ಲಿ ಇನ್ನೂ ತಡವಾಗುತ್ತಿತ್ತು ಎಂದರೆ ಇಲ್ಲವೆನ್ನಲು ನನ್ನಲ್ಲಿ ಉತ್ತರವಿಲ್ಲ.

ಭಯದ ಖರ್ಚು ಕೊನೆಗೆ ರೋಗಿಯ ತಲೆಗೇ. ನೋಟಿಸಿಗೆ ಹೆದರುವ ಡಾಕ್ಟರ್ ತಲೆನೋವಿಗೂ ಸ್ಕ್ಯಾನ್ ಬರೆಯುತ್ತಾರೆ, ತಾಲ್ಲೂಕಿನ ನರ್ಸಿಂಗ್ ಹೋಂ ರಿಸ್ಕಿನ ಹೆರಿಗೆಯನ್ನು ರಾತ್ರೋರಾತ್ರಿ ಜಿಲ್ಲಾಸ್ಪತ್ರೆಗೆ ಸಾಗಹಾಕುತ್ತದೆ, ಇನ್ಶೂರೆನ್ಸ್ ಪ್ರೀಮಿಯಂ ಬಿಲ್ಲಿನೊಳಗೆ ಸೇರುತ್ತದೆ.

ನೋಟಿಸ್ ಹೊರಡುವ ಮುನ್ನ ತಜ್ಞರ ವರದಿ ಬರಲಿ ಎಂದು 2009ರಲ್ಲಿ ಮಾರ್ಟಿನ್ ಡಿಸೋಜಾ ತೀರ್ಪು ಹೇಳಿತ್ತು. ಮರುವರ್ಷ ಕಿಶನ್ ರಾವ್ ತೀರ್ಪು ಅದನ್ನು ಸಡಿಲಿಸಿತು. ಹಳೆಯ ಕ್ರಮ ಮರಳಿ ಬರಬೇಕು, ಆದರೆ ಗಡುವಿನೊಂದಿಗೆ: ಸರ್ಕಾರಿ ಮೆಡಿಕಲ್ ಕಾಲೇಜಿನ ಮೂವರು, ಅದೇ ವಿಭಾಗದವರು, 60 ದಿನದಲ್ಲಿ ಲಿಖಿತ ವರದಿ, ಅದರ ಪ್ರತಿ ರೋಗಿಗೂ. ವರದಿ ಬರುವವರೆಗಿನ ದಿನಗಳನ್ನು ಎರಡು ವರ್ಷದ ಗಡುವಿನಲ್ಲಿ ಎಣಿಸಬಾರದು. ಡಾಕ್ಟರ್ ವಿರುದ್ಧ ಡಾಕ್ಟರ್ ಬರೆಯುವುದಿಲ್ಲ ಎಂಬ ದೂರು ಪೂರ್ತಿ ಸುಳ್ಳಲ್ಲ. ಅದಕ್ಕೆ ಕೇಸ್ ಶೀಟಿನಲ್ಲಿ ಆಸ್ಪತ್ರೆಯ, ವೈದ್ಯರ ಹೆಸರು ಮುಚ್ಚಿ, ಬೆಂಗಳೂರಿನ ಕೇಸನ್ನು ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೂ ಹುಬ್ಬಳ್ಳಿಯದನ್ನು ಮೈಸೂರಿಗೂ ಕಳಿಸಬಹುದು.